ಮಂಗಳೂರು ವಿಮಾನ ದುರಂತ (2010)

2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ ಬೋಯಿಂಗ್ 737-800 ವಿಮಾನ, ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣದ, ಗುಡ್ಡದ ಮೇಲಿನ ರನ್‌ವೇ ದಾಟಿ ಕಣಿವೆಗೆ ಉರುಳಿ ಹೊತ್ತಿ ಉರಿದ ಅಪಘಾತ. ವಿಮಾನದಲ್ಲಿದ್ದ 166 ಜನರಲ್ಲಿ 158 ಮಂದಿ ಮಡಿದರು. ಎಂಟು ಮಂದಿ ಬದುಕುಳಿದರು.

ಕಾರಣ: ಏರ್ ಮಾರ್ಷಲ್ ಬಿ.ಎನ್. ಗೋಖಲೆ ನೇತೃತ್ವದ ವಿಚಾರಣೆಯ ಪ್ರಕಾರ, ವಿಮಾನ ಅತಿ ಎತ್ತರದಿಂದ, ಅತಿ ವೇಗವಾಗಿ ಇಳಿಯುತ್ತಿದ್ದರೂ ಕ್ಯಾಪ್ಟನ್ ಇಳಿಸುವ ಪ್ರಯತ್ನ ಕೈಬಿಡದಿದ್ದುದೇ ನೇರ ಕಾರಣ. ಇಳಿಯದೆ ಮತ್ತೆ ಮೇಲೇರುವಂತೆ ಸಹಪೈಲಟ್ ಮೂರು ಬಾರಿ ಹೇಳಿದ್ದರು. ಯಂತ್ರದ ಎಚ್ಚರಿಕೆಗಳೂ ಮೊಳಗಿದ್ದವು.

ದಣಿವಿನ ಪಾತ್ರ: ಹಾರಾಟದ ವೇಳೆ ದೀರ್ಘಕಾಲ ನಿದ್ರಿಸಿದ್ದ ಕ್ಯಾಪ್ಟನ್ನರ ವಿವೇಚನೆಯನ್ನು ನಿದ್ದೆಯ ಮಂಪರು ಕುಂದಿಸಿರಬಹುದೆಂದು ವರದಿ ಗುರುತಿಸಿತು.

ಮಹತ್ವ: ದಣಿವನ್ನು ಒಪ್ಪಿಕೊಳ್ಳುವುದು, ಕಿರಿಯರ ಮಾತಿಗೆ ಕಿವಿಗೊಡುವುದು ಪೈಲಟ್‌ನ ಹೊಣೆ, ಸಾಕಷ್ಟು ವಿಶ್ರಾಂತಿ ಒದಗಿಸುವುದು ಸಂಸ್ಥೆಯ ಹೊಣೆ.