ಯಂತ್ರ ಹೊಸದು, ಅಕ್ಷರ ಹಳೆಯದು

ಗಣಕಕ್ಕೆ ಕನ್ನಡ ಕಲಿಸಿದ ಚರಿತ್ರೆಯಲ್ಲಿ ನಮ್ಮ ಮುಂಬಯಿಗೂ ಪಾಲುಂಟು. ಇಲ್ಲಿನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ ದುಡಿದ ಕೆ. ಪಿ. ರಾಯರು ಕನ್ನಡದ ಕೀಲಿಮಣೆ ರೂಪಿಸಿದರು. 1998ರಲ್ಲಿ ‘ಬರಹ’ ತಂತ್ರಾಂಶ ಬಂದಿತು. ಆ ಕಾಲದ ಎಷ್ಟೋ ಕಡತಗಳಲ್ಲಿ ಇಂಗ್ಲಿಷಿನ ಸಂಕೇತಗಳಿಗೇ ಫಾಂಟು ಕನ್ನಡದ ರೂಪ ತೊಡಿಸುತ್ತಿತ್ತು. ಫಾಂಟು ಹೋದರೆ ಓದೂ ಹೋಯಿತು.

ಇಂದು ವಾಶಿಯ ನಮ್ಮ ಮನೆಗಳಲ್ಲಿ ಮಕ್ಕಳೇ ಪೆನ್‌ಡ್ರೈವ್ ಸಿಕ್ಕಿಸಿ ಲ್ಯಾಪ್‌ಟಾಪಿಗೆ ವಿಂಡೋಸನ್ನು ಹೊಸದಾಗಿ ಹಾಕುತ್ತಾರೆ. ಆಗ ಡಿಸ್ಕನ್ನು ಪೂರ್ತಿ ಅಳಿಸಿದರೆ ಹಿರಿಯರು ಬರೆದಿಟ್ಟ ಕಡತಗಳೂ ಫಾಂಟುಗಳೂ ಒಟ್ಟಿಗೇ ಮಾಯ. ಬೂಟ್ ಪೆನ್‌ಡ್ರೈವ್ ತಯಾರಿಸುವಾಗ ಅದರಲ್ಲಿದ್ದುದೂ ಅಳಿಯುವುದುಂಟು. ಆದುದರಿಂದ ಮೊದಲು ಎರಡನ್ನೂ ಬೇರೊಂದು ಪೆನ್‌ಡ್ರೈವಿಗೆ ನಕಲು ಮಾಡೋಣ. ಬಳಿಕ ಯುನಿಕೋಡಿಗೆ ಪರಿವರ್ತಿಸೋಣ. 1991ರಿಂದಲೇ ಅದರಲ್ಲಿ ಕನ್ನಡಕ್ಕೆ ತನ್ನದೇ ಸ್ಥಾನವಿದೆ. ಯಂತ್ರ ಹೊಸದಾಗಲಿ, ಮನೆಯ ಬರವಣಿಗೆ ಉಳಿಯಲಿ.