ಜೋಳದ ಋಣ ಮತ್ತು ಕಾಯಕದ ಅಕ್ಕಿ: ಎಡೆದೊರೆ ನಾಡಿನ ಯುದ್ಧಕಾವ್ಯದ ಹಿನ್ನೆಲೆ

ಹಳಗನ್ನಡ ಚಂಪೂಕಾವ್ಯಗಳಲ್ಲಿ ಯುದ್ಧವರ್ಣನೆಗೆ ದೊರೆತಿರುವ ಸ್ಥಾನ ಹಿರಿದಾದುದು. ಲಾಕ್ಷಣಿಕರು ಹೇಳುವ ಅಷ್ಟಾದಶ ವರ್ಣನೆಗಳಲ್ಲಿ ಅದೂ ಒಂದು. ಆದ್ದರಿಂದ ನಮ್ಮ ವಿದ್ಯಾರ್ಥಿಗಳು ಅದನ್ನು ಬಹುಮಟ್ಟಿಗೆ ವೀರರಸದ ನಿದರ್ಶನವಾಗಿಯೇ ಓದುತ್ತ ಬಂದಿದ್ದಾರೆ. ರಸವಿಮರ್ಶೆ ಅವಶ್ಯವೇ ಸರಿ. ಆದರೆ ಅಷ್ಟರಿಂದಲೇ ಅಧ್ಯಯನ ಪೂರ್ಣವಾಗದು. ಹಾಡಿದವನು ಯಾರ ಆಶ್ರಯದಲ್ಲಿದ್ದನು, ಕಾದಿದವನು ಯಾರ ಅನ್ನವನ್ನು ಉಂಡಿದ್ದನು, ಮಡಿದವನ ಮನೆಯವರ ಗತಿ ಏನಾಯಿತು ಎಂಬ ಮೂರು ಪ್ರಶ್ನೆಗಳನ್ನು ಕೇಳಿದಾಗಲೇ ಯುದ್ಧಕಾವ್ಯದ ಒಳಗಿನ ಸಮಾಜ ಗೋಚರಿಸುತ್ತದೆ. ಈ ವಿಚಾರಕ್ಕೆ ಸಿಂಧನೂರು, ಲಿಂಗಸುಗೂರು, ಮಸ್ಕಿಗಳ ಪ್ರದೇಶಕ್ಕಿಂತ ತಕ್ಕ ನೆಲ ದೊರೆಯುವುದು ಕಷ್ಟ.

ಕೃಷ್ಣಾ ತುಂಗಭದ್ರಾ ನದಿಗಳ ನಡುವಣ ಈ ಸೀಮೆಯನ್ನು ಶಾಸನಗಳು ‘ಎಡೆದೊರೆ ಎರಡುಸಾಸಿರ’ ಎಂದು ಕರೆಯುತ್ತವೆ. ಇಲ್ಲಿನ ಮಸ್ಕಿಯಲ್ಲಿ 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರರು ಕಂಡ ಕಿರುಶಾಸನವು ‘ದೇವಾನಾಂಪ್ರಿಯ’ನು ಅಶೋಕನೇ ಎಂಬುದನ್ನು ಹೆಸರು ಹೇಳಿ ಸ್ಥಿರಪಡಿಸಿತು. ಕಳಿಂಗಯುದ್ಧದ ಸಾವುನೋವುಗಳಿಗೆ ಮರುಗಿದ ಅರಸನ ಧರ್ಮವಾಕ್ಯವು ಕೆತ್ತಲ್ಪಟ್ಟ ನೆಲವಿದು. ಆದರೆ ಅದೇ ನೆಲವು ಮುಂದೆ ಶತಮಾನಗಳ ಕಾಲ ಅರಸೊತ್ತಿಗೆಗಳ ರಣರಂಗವಾಯಿತು. ಎರಡು ಹೊಳೆಗಳ ನಡುವಣ ಎರೆಭೂಮಿಯ ಬೆಳೆ, ಕೋಟೆಗೆ ಅನುಕೂಲವಾದ ಬೆಟ್ಟಗಳು, ದಕ್ಷಿಣೋತ್ತರ ದಾರಿಗಳು ಇವೇ ಅದರ ಕಾರಣಗಳು.

ಹನ್ನೊಂದನೆಯ ಶತಮಾನದ ಮೊದಲ ಭಾಗದಲ್ಲಿ ಕಲ್ಯಾಣ ಚಾಲುಕ್ಯರ ಎರಡನೆಯ ಜಯಸಿಂಹನಿಗೂ ರಾಜೇಂದ್ರ ಚೋಳನಿಗೂ ‘ಮುಶಂಗಿ’ ಎಂಬಲ್ಲಿ ಕಾಳಗ ನಡೆಯಿತು. ಈ ಮುಶಂಗಿಯೇ ಮಸ್ಕಿಯೆಂದು ಕೆಲವು ವಿದ್ವಾಂಸರೂ, ಉಚ್ಚಂಗಿದುರ್ಗವೆಂದು ಮತ್ತೆ ಕೆಲವರೂ ಅಭಿಪ್ರಾಯಪಟ್ಟಿದ್ದಾರೆ. ರಾಜೇಂದ್ರನ ತಮಿಳು ಮೆಯ್ಕೀರ್ತಿಯು ಜಯಸಿಂಹನು ಬೆನ್ನು ತೋರಿ ಅಡಗಿದನೆಂದೂ, ಚೋಳನಿಗೆ ಅಪಾರ ನಿಧಿ ದೊರೆಯಿತೆಂದೂ ಬಣ್ಣಿಸುತ್ತದೆ. ಎಡೆದೊರೆ ನಾಡೂ ಅವನು ಗೆದ್ದ ನಾಡುಗಳ ಪಟ್ಟಿಯಲ್ಲಿದೆ. ಜಯಸಿಂಹನ 1024ರ ಮೀರಜ ತಾಮ್ರಶಾಸನವಾದರೋ ಬಲಶಾಲಿಯಾದ ಚೋಳನನ್ನು ಓಡಿಸಿದವನು ತಾನೇ ಎಂದು ಹೇಳುತ್ತದೆ. ವಸ್ತುಸ್ಥಿತಿಯಲ್ಲಿ ತುಂಗಭದ್ರೆಯೇ ಉಭಯ ರಾಜ್ಯಗಳ ಎಲ್ಲೆಯಾಗಿ ಉಳಿಯಿತು. ಹಾಗಾದರೆ ಈ ಎರಡು ಪ್ರಶಸ್ತಿಗಳೂ ಸುಳ್ಳೆಂದು ತಳ್ಳಿಬಿಡಬೇಕೆ? ಬೇಕಿಲ್ಲ. ಪ್ರಶಸ್ತಿಯ ಕೆಲಸ ವರದಿ ಮಾಡುವುದಲ್ಲ. ಅರಸನ ಹಕ್ಕನ್ನು ಪ್ರಜೆಗಳ ಕಿವಿಗೆ ಮುಟ್ಟಿಸುವುದು. ಯಾವ ನಾಡಿಗಾಗಿ ಎಷ್ಟು ಆಸೆಯಿತ್ತು ಎಂಬುದಕ್ಕೆ ಅದು ಒಳ್ಳೆಯ ಸಾಕ್ಷಿ. ಯಾರು ಗೆದ್ದರೆಂಬುದಕ್ಕೆ ದುರ್ಬಲ ಸಾಕ್ಷಿ.

ಕೊಳ್ಳೆಗೆ ಗುರಿಯಾದವರ ಪಕ್ಷದ ಮಾತನ್ನು 1007ರ ಹೊಟ್ಟೂರು ಶಾಸನದಲ್ಲಿ ಕಾಣಬಹುದು. ಚೋಳಸೈನ್ಯವು ಒಂಬತ್ತು ಲಕ್ಷ ಸಂಖ್ಯೆಯಲ್ಲಿ ಬಂದು ನಾಡನ್ನು ಸೂರೆಗೊಂಡು, ಹೆಂಗಸರನ್ನೂ ಮಕ್ಕಳನ್ನೂ ಬ್ರಾಹ್ಮಣರನ್ನೂ ಕೊಂದಿತೆಂದು ಅದು ಹೇಳುತ್ತದೆ. ಒಂಬತ್ತು ಲಕ್ಷವೆಂಬ ಸಂಖ್ಯೆ ಉತ್ಪ್ರೇಕ್ಷೆಯಾಗಿರಬಹುದು. ಭಯ ಮಾತ್ರ ಉತ್ಪ್ರೇಕ್ಷೆಯಲ್ಲ. ಈ ದಂಡನ್ನು ಎದುರಿಸಿದ ಸತ್ಯಾಶ್ರಯ ಇರಿವಬೆಡಂಗನೇ ರನ್ನನ ‘ಗದಾಯುದ್ಧ’ದ ಕಥಾನಾಯಕನಾದ ಭೀಮನೊಡನೆ ಸಮೀಕರಿಸಲ್ಪಟ್ಟ ದೊರೆ ಎಂಬುದನ್ನು ನೆನೆದರೆ ಆ ಕಾವ್ಯದ ರೋಷಕ್ಕೆ ಚಾರಿತ್ರಿಕ ನೆಲೆ ದೊರೆಯುತ್ತದೆ. ಆದರೂ ಬಳೆಗಾರ ಕುಲದಲ್ಲಿ ಹುಟ್ಟಿ ಬಂದ ರನ್ನನು ಆಶ್ರಯದಾತನ ಹೊಗಳಿಕೆಯಲ್ಲಿಯೇ ನಿಲ್ಲಲಿಲ್ಲ. ಹೆಣಗಳ ನಡುವೆ ನಡೆದು ಬರುವ ದುರ್ಯೋಧನನ ಶೋಕವನ್ನು ಓದುಗನ ಎದೆಗೆ ಮುಟ್ಟಿಸಿದನು. ಅವನಿಗೆ ಆಶ್ರಯವಿತ್ತ ಅತ್ತಿಮಬ್ಬೆಯ ಪತಿ ನಾಗದೇವನು ಅಕಾಲದಲ್ಲಿ ಮಡಿದ ದಂಡನಾಯಕ. ಆಕೆಯ ತಂಗಿ ಗುಂಡಮಬ್ಬೆ ಆ ಪತಿಯೊಡನೆ ಸಹಗಮನ ಮಾಡಿದವಳು. ವಿಜಯದ ಬೆಲೆ ಏನೆಂಬುದನ್ನು ಕವಿಯು ತನ್ನ ಪೋಷಕಿಯ ಮನೆಯಲ್ಲಿಯೇ ಅರಿತಿದ್ದನು.

ಅರಮನೆಯ ಕಾವ್ಯದಿಂದ ಊರಿನ ವೀರಗಲ್ಲಿಗೆ ಬಂದರೆ ಯುದ್ಧದ ಸಾಮಾಜಿಕ ಮುಖ ಇನ್ನಷ್ಟು ಸ್ಪಷ್ಟವಾಗುತ್ತದೆ. ಇಲ್ಲಿ ಮಡಿದವರು ದನಗಳ್ಳರಿಂದ ತುರುಗಳನ್ನು ಬಿಡಿಸಿದವರು, ಊರಳಿವಿನಲ್ಲಿ ಕಾದಿದವರು, ಹೆಣ್ಣುಮಕ್ಕಳ ಮಾನ ಕಾಯ್ದವರು. ಕೆಳಗಿನ ಪಟ್ಟಿಕೆಯಲ್ಲಿ ಹೋರಾಟ, ನಡುವೆ ಅಪ್ಸರೆಯರು, ಮೇಲೆ ಲಿಂಗಸನ್ನಿಧಿ ಎಂಬ ಕ್ರಮವು ಸಾವನ್ನು ಸದ್ಗತಿಯಾಗಿ ಮಾರ್ಪಡಿಸುತ್ತದೆ. ಜೊತೆಗೆ ‘ನೆತ್ತರುಗೊಡಗೆ’ ಎಂಬ ಭೂದಾನವು ಮಡಿದವನ ಮನೆತನಕ್ಕೆ ಸಲ್ಲುತ್ತಿತ್ತು. ಸ್ವರ್ಗದ ಆಶ್ವಾಸನೆಯೂ ಹೊಲದ ಒಡೆತನವೂ ಕೂಡಿಯೇ ಸಾಮಾನ್ಯನನ್ನು ರಣಕ್ಕೆ ನಡೆಸಿದವು.

ಈ ವ್ಯವಸ್ಥೆಯ ತಿರುಳು ‘ಜೋಳವಾಳಿ’ ಎಂಬ ಒಂದೇ ಮಾತಿನಲ್ಲಿ ಅಡಗಿದೆ. ಒಡೆಯನ ಜೋಳವನ್ನು ಉಂಡವನು ಆ ಋಣವನ್ನು ಪ್ರಾಣ ಕೊಟ್ಟು ತೀರಿಸಬೇಕೆಂಬುದೇ ಅದರ ಅರ್ಥ. ಪಂಪನ ಕರ್ಣನ ಸ್ವಾಮಿನಿಷ್ಠೆಯ ಬೇರೂ ಇದೇ. ಇಂದು ತುಂಗಭದ್ರಾ ಎಡದಂಡೆ ಕಾಲುವೆಯಿಂದ ಸಿಂಧನೂರಿನ ಸುತ್ತ ಭತ್ತದ ಗದ್ದೆಗಳು ಹರಡಿವೆ; ಆದರೆ ಈ ನಾಡಿನ ಹಳೆಯ ಅನ್ನ ಜೋಳವೇ. ಜೋಳವನ್ನು ಬೆಳೆದವನು ಒಕ್ಕಲಿಗ. ಅದನ್ನು ಹಂಚಿದವನು ಒಡೆಯ. ಋಣ ಮಾತ್ರ ಒಡೆಯನಿಗೆ ಸಂದಿತು. ಯುದ್ಧಕಾವ್ಯವು ಈ ಅಸಂಗತಿಯನ್ನು ಪ್ರಶ್ನಿಸಲಿಲ್ಲ.

ಪ್ರಶ್ನಿಸಿದವರು ಶರಣರು. ಲಿಂಗಸುಗೂರು ತಾಲೂಕಿನ ಅಮರೇಶ್ವರದಿಂದ ಕಲ್ಯಾಣಕ್ಕೆ ಹೋದ ಆಯ್ದಕ್ಕಿ ಮಾರಯ್ಯ ಮತ್ತು ಲಕ್ಕಮ್ಮ ದಂಪತಿಗಳು ಬಿದ್ದ ಅಕ್ಕಿಯನ್ನು ಆಯ್ದು ದಾಸೋಹ ನಡೆಸಿದವರು. ಒಂದು ದಿನ ಮಾರಯ್ಯನವರು ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದಾಗ ಲಕ್ಕಮ್ಮನವರು ಅದನ್ನು ಮರಳಿ ಅಲ್ಲಿಯೇ ಸುರಿದು ಬರುವಂತೆ ಹೇಳಿದ ಪ್ರಸಂಗ ಪ್ರಸಿದ್ಧವಾದುದು. ಇದನ್ನು ಕೇವಲ ನಿರಾಸೆಯ ದೃಷ್ಟಾಂತವಾಗಿ ಓದಿದರೆ ಅರ್ಧ ಅರ್ಥ ಮಾತ್ರ ದಕ್ಕುತ್ತದೆ. ಜೋಳವಾಳಿಯ ಹಿನ್ನೆಲೆಯಲ್ಲಿಟ್ಟು ನೋಡಿದರೆ, ಅನ್ನವು ಒಡೆಯನ ಕೃಪೆಯಲ್ಲ, ಕಾಯಕದ ಫಲ ಎಂಬ ಹೊಸ ನೀತಿ ಅಲ್ಲಿ ಕಾಣುತ್ತದೆ. ತನ್ನ ದುಡಿಮೆಯನ್ನು ಉಂಡವನಿಗೆ ಅರಸನ ಋಣವಿಲ್ಲ. ಋಣವಿಲ್ಲದವನು ಪರರ ಕೀರ್ತಿಗಾಗಿ ಸಾಯಬೇಕಿಲ್ಲ. ಮುದನೂರಿನ ನೇಕಾರ ಶರಣ ದೇವರ ದಾಸಿಮಯ್ಯನವರಿಂದ ಜಯಸಿಂಹನ ರಾಣಿ ಸುಗ್ಗಲದೇವಿ ದೀಕ್ಷೆ ಪಡೆದಳೆಂಬ ಸಂಪ್ರದಾಯದ ಕಥೆಯೂ ಮಗ್ಗದ ಮುಂದೆ ಕಿರೀಟವು ಬಾಗಿದುದನ್ನೇ ಸಾರುತ್ತದೆ.

ಹೀಗೆಂದು ಶರಣ ಸಾಹಿತ್ಯವು ರಣದ ಭಾಷೆಯನ್ನು ತೊರೆಯಿತೆಂದು ತಿಳಿಯಬಾರದು. ಕೈದು, ಕಾಳಗ, ಓಡದ ವೀರ ಇವೆಲ್ಲ ವಚನಗಳಲ್ಲಿ ಇಂದ್ರಿಯಗಳೊಡನೆ ನಡೆಯುವ ಹೋರಾಟದ ರೂಪಕಗಳಾದವು. ಮುಂದಿನ ಪುರಾಣಗಳಲ್ಲಿ ಮಾತ್ರ ಮಡಿವಾಳ ಮಾಚಯ್ಯನವರೇ ಮೊದಲಾದವರ ಕದನಗಳು ವಿಸ್ತಾರವಾಗಿ ಬೆಳೆದವು. ಭೀಮಕವಿಯ ‘ಬಸವಪುರಾಣ’ ಮುಗಿದುದು 1369ರಲ್ಲಿ; ಎಂದರೆ ಕಲ್ಯಾಣದ ಘಟನೆಗಳಿಗೆ ಸುಮಾರು ಎರಡು ಶತಮಾನಗಳ ಅನಂತರ. ಬುಕ್ಕರಾಯನ ಸೈನ್ಯ ಲಿಂಗಸುಗೂರು ಸೀಮೆಯ ಮುದಗಲ್ಲ ಕೋಟೆಯನ್ನು 1366ರಲ್ಲಿ ಹಿಡಿಯಿತೆಂದು ಫೆರಿಷ್ತಾ ಬರೆಯುತ್ತಾನೆ. ಬಹಮನಿ ವಿಜಯನಗರಗಳ ಕದನದಲ್ಲಿ ನಾಡು ಬೇಯುತ್ತಿದ್ದ ಕಾಲದಲ್ಲಿ ಹುಟ್ಟಿದ ಪುರಾಣಗಳಿಗೆ ಕಾಲದ ಕಾವು ತಟ್ಟದಿರುವುದು ಸಾಧ್ಯವಿಲ್ಲ.

ಚೋಳನ ಮೆಯ್ಕೀರ್ತಿಯನ್ನೂ ಚಾಲುಕ್ಯರ ಪ್ರಶಸ್ತಿಯನ್ನೂ ಯಾವ ಒರೆಗಲ್ಲಿಗೆ ಹಚ್ಚುತ್ತೇವೆಯೋ, ನಮ್ಮ ಪುರಾಣಗಳನ್ನೂ ಅದೇ ಒರೆಗಲ್ಲಿಗೆ ಹಚ್ಚಬೇಕು. ಇದರಿಂದ ಭಕ್ತಿಗೆ ಕುಂದಿಲ್ಲ. ಚಿನ್ನಕ್ಕೆ ಒರೆಗಲ್ಲಿನ ಭಯವಿಲ್ಲ. ಪುರಾಣದ ಕದನವು ಬರೆದ ಕಾಲದ ಮನಸ್ಸನ್ನು ತಿಳಿಸಿದರೆ, ವಚನವು ಶರಣರ ಕಾಲದ ನೀತಿಯನ್ನು ತಿಳಿಸುತ್ತದೆ. ಎರಡರ ಅಂತರವನ್ನು ಅರಿಯದೆ ಕದನವನ್ನೇ ಶರಣಧರ್ಮವೆಂದು ಎತ್ತಿ ಹಿಡಿದರೆ, ಲಕ್ಕಮ್ಮನವರು ಹಿಂದಿರುಗಿಸಿದ ಅಕ್ಕಿಯನ್ನು ಮತ್ತೆ ಮನೆಗೆ ಹೊತ್ತು ತಂದಂತಾಗುತ್ತದೆ.