ಜೀವಕೋಶದೊಳಗಿನ ರೋಗಾಣು ಮತ್ತು ಪ್ರತಿಕಾಯ: ಉಣುಗುಜನ್ಯ ಬ್ಯಾಕ್ಟೀರಿಯಗಳ ಸಂಶೋಧನೆಯ ಒಂದು ಶತಮಾನ

ಉಣುಗುಗಳ ಕಡಿತದಿಂದ ಮನುಷ್ಯರಿಗೂ ಪ್ರಾಣಿಗಳಿಗೂ ಹರಡುವ ಬ್ಯಾಕ್ಟೀರಿಯಗಳಲ್ಲಿ ರಿಕೆಟ್ಸಿಯ, ಎರ್ಲಿಕಿಯ ಮತ್ತು ಅನಾಪ್ಲಾಸ್ಮ ಎಂಬ ಮೂರು ಕುಲಗಳಿಗೆ ಒಂದು ವಿಶೇಷ ಲಕ್ಷಣವಿದೆ. ಇವು ಮತ್ತೊಂದು ಜೀವಿಯ ಜೀವಕೋಶದೊಳಗೆ ಸೇರಿಕೊಂಡರೆ ಮಾತ್ರ ವೃದ್ಧಿಯಾಗುತ್ತವೆ. ಸಾಮಾನ್ಯ ಬ್ಯಾಕ್ಟೀರಿಯಗಳನ್ನು ಬೆಳೆಸುವ ಪೋಷಕ ದ್ರವದಲ್ಲಾಗಲಿ ಗಾಜಿನ ತಟ್ಟೆಯಲ್ಲಾಗಲಿ ಇವು ಬೆಳೆಯುವುದಿಲ್ಲ. ರೋಗನಿರೋಧಕ ಶಾಸ್ತ್ರಕ್ಕೆ ಇದು ತೊಡಕಿನ ಸಂಗತಿ. ರೋಗಾಣುವನ್ನು ಗುರುತಿಸಿ ಅಂಟಿಕೊಳ್ಳುವ ಪ್ರತಿಕಾಯಗಳೆಂಬ ಪ್ರೋಟೀನುಗಳು ರಕ್ತ ಮತ್ತು ದೇಹದ್ರವಗಳಲ್ಲಿ ಸಂಚರಿಸುತ್ತವೆಯೇ ಹೊರತು ಜೀವಕೋಶದ ಒಳಗೆ ಪ್ರವೇಶಿಸುವುದಿಲ್ಲವಾದ್ದರಿಂದ, ಒಳಗೆ ಅಡಗಿದ ರೋಗಾಣುವಿನ ಮೇಲೆ ಅವು ಕೆಲಸ ಮಾಡುವ ಬಗೆ ಹೇಗೆಂಬ ಪ್ರಶ್ನೆ ಆರಂಭದಿಂದಲೂ ಸಂಶೋಧಕರನ್ನು ಕಾಡಿದೆ. ಕಳೆದ ನೂರು ವರ್ಷಗಳಲ್ಲಿ ಈ ಕ್ಷೇತ್ರದ ಒಲವು ಮೊದಲು ಸೀರಮ್ಮಿನ ಕಡೆಗೆ, ಬಳಿಕ ಜೀವಕೋಶಗಳ ಕಡೆಗೆ, ಮತ್ತೆ ಪ್ರತಿಕಾಯಗಳ ಕಡೆಗೆ ತಿರುಗಿದ್ದು ಈ ಒಂದು ಪ್ರಶ್ನೆಯ ಸುತ್ತಲೇ.

ರಿಕೆಟ್ಸ್ ಮತ್ತು ಮೊಂಟಾನದ ಕಣಿವೆ

ಅಮೆರಿಕದ ಮೊಂಟಾನ ರಾಜ್ಯದ ಬಿಟರ್‌ರೂಟ್ ಕಣಿವೆಯಲ್ಲಿ ವಸಂತ ಋತುವಿನಲ್ಲಿ ಕಾಣಿಸಿಕೊಳ್ಳುತ್ತಿದ್ದ, ತೀವ್ರ ಜ್ವರದೊಂದಿಗೆ ಮೈಮೇಲೆ ಕಲೆಗಳೆದ್ದು ಬಹುಪಾಲು ರೋಗಿಗಳನ್ನು ಬಲಿ ತೆಗೆದುಕೊಳ್ಳುತ್ತಿದ್ದ ರಾಕಿ ಮೌಂಟನ್ ಸ್ಪಾಟೆಡ್ ಫೀವರ್ ಎಂಬ ಕಾಯಿಲೆಯಿಂದಲೇ ಈ ಕ್ಷೇತ್ರದ ಇತಿಹಾಸ ಮೊದಲಾಗುತ್ತದೆ. 1906ರಲ್ಲಿ ಅಲ್ಲಿಗೆ ಬಂದ ಷಿಕಾಗೊ ವಿಶ್ವವಿದ್ಯಾಲಯದ ಹೋವರ್ಡ್ ಟೇಲರ್ ರಿಕೆಟ್ಸ್ (1871–1910) ಅದೇ ವರ್ಷ ಸೋಂಕು, ನಿರೋಧ ಶಕ್ತಿ ಮತ್ತು ಸೀರಮ್ ಚಿಕಿತ್ಸೆಯನ್ನು ಕುರಿತ ಗ್ರಂಥವೊಂದನ್ನು ಪ್ರಕಟಿಸಿದ್ದರು. ರೋಗಾಣುವನ್ನೂ ಅದನ್ನು ಸಾಗಿಸುವ ಉಣುಗನ್ನೂ ಗುರುತಿಸಿದವರೆಂದು ಅವರು ಪ್ರಸಿದ್ಧರಾದರೂ, ಕಣಿವೆಗೆ ಕಾಲಿಟ್ಟಾಗ ಅವರು ಮೂಲತಃ ರೋಗನಿರೋಧ ಶಕ್ತಿಯ ಅಭ್ಯಾಸಿಯೇ ಆಗಿದ್ದರು.

ಅವರ ಪ್ರಯೋಗಗಳು ಸರಳವಾಗಿದ್ದವು. ರೋಗಿಯ ರಕ್ತವನ್ನು ಗಿನಿಪಿಗ್‌ಗಳಿಗೆ ಚುಚ್ಚಿ ಅವುಗಳಲ್ಲಿ ಕಾಯಿಲೆ ತರಿಸಿದ ಬಳಿಕ, ಸೋಂಕಿತ ಪ್ರಾಣಿಯೊಂದರ ಕಿವಿಯ ಬುಡದಲ್ಲಿ ಹೆಣ್ಣು ಉಣುಗೊಂದನ್ನು ಎರಡು ದಿನ ರಕ್ತ ಹೀರಲು ಬಿಟ್ಟು, ಆಮೇಲೆ ಎರಡು ದಿನ ಅದನ್ನು ಮಾತ್ರೆಯ ಡಬ್ಬಿಯಲ್ಲಿಟ್ಟು, ಬಳಿಕ ಆರೋಗ್ಯವಂತ ಗಿನಿಪಿಗ್‌ನ ಕಿವಿಯ ಬುಡಕ್ಕೆ ಅಂಟಿಸಿದಾಗ ಆ ಪ್ರಾಣಿಯೂ ಕಾಯಿಲೆ ಬಿದ್ದಿತು. ತಾಯಿ ಉಣುಗಿನಿಂದ ಮೊಟ್ಟೆಗಳಿಗೂ ಸೋಂಕು ದಾಟುತ್ತದೆಂದು ಅವರು ತೋರಿಸಿದರಲ್ಲದೆ, 1909ರ ಹೊತ್ತಿಗೆ ರಕ್ತದಲ್ಲೂ ಉಣುಗಿನ ಮೊಟ್ಟೆಗಳಲ್ಲೂ ಅತಿ ಸಣ್ಣ ದಂಡಾಕಾರದ ಜೀವಿಗಳನ್ನು ಕಂಡರು. ಆದರೆ ಅವನ್ನು ಬೆಳೆಸುವುದು ಅವರಿಂದ ಸಾಧ್ಯವಾಗಲಿಲ್ಲ.

ಒಮ್ಮೆ ರೋಗದಿಂದ ಚೇತರಿಸಿಕೊಂಡ ಗಿನಿಪಿಗ್ ಎರಡನೆಯ ಸಲ ಕಾಯಿಲೆ ಬೀಳುವುದಿಲ್ಲವೆಂದೂ, ಅದರ ರಕ್ತದ ಸೀರಮ್ಮನ್ನು ಮುಂಚಿತವಾಗಿ ಪಡೆದ ಬೇರೆ ಪ್ರಾಣಿಗೂ ರಕ್ಷಣೆ ದೊರೆಯುತ್ತದೆಂದೂ ಕಂಡುಕೊಂಡ ರಿಕೆಟ್ಸ್, ಅಂಥ ಸೀರಮ್ಮನ್ನೇ ಔಷಧಿಯಾಗಿಸಲು ಯತ್ನಿಸಿದರು. ಆದರೆ ರೋಗಲಕ್ಷಣಗಳು ಕಾಣಿಸಿಕೊಂಡ ಮೇಲೆ ಕೊಟ್ಟ ಸೀರಮ್ಮಿನಿಂದ ಹೇಳಿಕೊಳ್ಳುವಂಥ ಫಲ ದೊರೆಯಲಿಲ್ಲ. ರೋಗ ಬರುವ ಮೊದಲು ಕಾಯುವ ವಸ್ತು ರೋಗ ಬಂದ ಮೇಲೆ ಏಕೆ ಸೋಲುತ್ತದೆಂಬ ಪ್ರಶ್ನೆ ಹಾಗೆಯೇ ಉಳಿಯಿತು. ಹೇನುಗಳಿಂದ ಹರಡುವ ಟೈಫಸ್ಸನ್ನು ಅಭ್ಯಸಿಸಲು ಮೆಕ್ಸಿಕೊ ನಗರಕ್ಕೆ ಹೋದ ರಿಕೆಟ್ಸ್, 1910ರ ಮೇ 3ರಂದು ಅದೇ ರೋಗಕ್ಕೆ ತುತ್ತಾಗಿ ತೀರಿಕೊಂಡರು. 1916ರಲ್ಲಿ ಬ್ರೆಜಿಲ್‌ನ ಹೆನ್ರಿಕೆ ಡ ರೋಶ ಲಿಮ ಟೈಫಸ್ಸಿನ ರೋಗಾಣುವಿಗೆ ಅವರ ಹೆಸರನ್ನಿಟ್ಟರು.

ಉಣುಗನ್ನು ಅರೆದು ಮಾಡಿದ ಲಸಿಕೆ

1919ರಲ್ಲಿ ಎಸ್. ಬರ್ಟ್ ವೋಲ್‌ಬ್ಯಾಕ್ ಸ್ಪಾಟೆಡ್ ಫೀವರಿನ ರೋಗಾಣು ರಕ್ತನಾಳಗಳ ಒಳಪದರದ ಕೋಶಗಳಲ್ಲಿ ನೆಲೆಸುತ್ತದೆಂದು ವಿವರವಾಗಿ ತೋರಿಸಿದ ಮೇಲೆ, ಮೈಮೇಲಿನ ಕಲೆಗಳಿಗೂ ಅಂಗಾಂಗಗಳ ವೈಫಲ್ಯಕ್ಕೂ ಕಾರಣ ಸ್ಪಷ್ಟವಾಯಿತು. ಇದೇ ಕಣಿವೆಯಲ್ಲಿ ಕೆಲಸ ಮುಂದುವರಿಸಿದ ರಾಸ್ಕೊ ಸ್ಪೆನ್ಸರ್ ಮತ್ತು ರಾಲ್ಫ್ ಪಾರ್ಕರ್, ಚಳಿಗಾಲವನ್ನು ಆಹಾರವಿಲ್ಲದೆ ಕಳೆದ ಉಣುಗುಗಳನ್ನು ಅರೆದು ಚುಚ್ಚಿದರೆ ಗಿನಿಪಿಗ್‌ಗೆ ರೋಗ ಬಾರದಿರುವುದನ್ನೂ, ಅವೇ ಉಣುಗುಗಳು ರಕ್ತ ಕುಡಿದ ಮೇಲೆ ಅರೆದರೆ ಅತ್ಯಲ್ಪ ಪ್ರಮಾಣವೇ ಪ್ರಾಣಾಂತಕವಾಗುವುದನ್ನೂ ಗಮನಿಸಿದರು. ಹೊಟ್ಟೆಗೆ ರಕ್ತ ಬಿದ್ದ ಉಣುಗಿನಲ್ಲಿ ರೋಗಾಣು ಮತ್ತೆ ತೀಕ್ಷ್ಣವಾಗುವ ಈ ಪ್ರಕ್ರಿಯೆಯೇ ಲಸಿಕೆಗೂ ದಾರಿ ತೋರಿಸಿತು: ರಕ್ತ ಕುಡಿಸಿದ ಸೋಂಕಿತ ಉಣುಗುಗಳನ್ನು ಅರೆದು, ಫೀನಾಲ್ ಬೆರೆಸಿ ರೋಗಾಣುಗಳನ್ನು ಕೊಂದು ಸಿದ್ಧಪಡಿಸಿದ ದ್ರವವನ್ನು ಸ್ಪೆನ್ಸರ್ 1924ರಲ್ಲಿ ಮೊದಲು ತಮ್ಮ ಮೈಗೇ ಚುಚ್ಚಿಸಿಕೊಂಡರು.

ಈ ಕೆಲಸಕ್ಕೆ ಪ್ರಾಣಗಳ ಬೆಲೆ ತೆರಬೇಕಾಯಿತು. ಪ್ರಯೋಗಾಲಯದ ಹಲವರು ಸೋಂಕಿನಿಂದ ಸತ್ತರು. 1928ರಲ್ಲಿ ಹ್ಯಾಮಿಲ್ಟನ್ ಪಟ್ಟಣದಲ್ಲಿ ಪ್ರಯೋಗಾಲಯಕ್ಕೆ ಹೊಸ ಕಟ್ಟಡ ಎದ್ದಾಗ, ಉಣುಗುಗಳು ಹೊರಗೆ ಹರಿದಾವೆಂದು ಅಂಜಿದ ನಿವಾಸಿಗಳ ಸಮಾಧಾನಕ್ಕಾಗಿ ಅದರ ಸುತ್ತ ನೀರಿನ ಕಾಲುವೆಯೊಂದನ್ನು ತೋಡಲಾಯಿತು. 1938ರಲ್ಲಿ ಹೆರಾಲ್ಡ್ ಕಾಕ್ಸ್ ಕೋಳಿಮೊಟ್ಟೆಯ ಭ್ರೂಣದ ಹಳದಿಚೀಲದಲ್ಲಿ ರಿಕೆಟ್ಸಿಯಗಳನ್ನು ಬೆಳೆಸುವ ವಿಧಾನವನ್ನು ರೂಪಿಸಿದ ಮೇಲೆ ಉಣುಗುಗಳನ್ನು ಸಾಕುವ ಅಗತ್ಯ ತಪ್ಪಿತು. 1940ರ ದಶಕದ ಕೊನೆಯಲ್ಲಿ ಕ್ಲೋರಾಂಫೆನಿಕಾಲ್ ಮತ್ತು ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳು ಬಂದು ಸಾವಿನ ಪ್ರಮಾಣ ಇಳಿದ ಕಾರಣ ಲಸಿಕೆಯ ತುರ್ತೂ ಕಡಿಮೆಯಾಯಿತು. ಕೊನೆಗೆ 1973ರಲ್ಲಿ ಪ್ರಕಟವಾದ, ಸ್ವಯಂಸೇವಕರ ಮೇಲಿನ ಅಧ್ಯಯನವೊಂದು, ರೋಗ ಬಂದು ಗುಣವಾದವರಿಗೆ ದೊರೆಯುವ ದೃಢವಾದ ರಕ್ಷಣೆ ಕೊಂದ ರೋಗಾಣುಗಳ ಲಸಿಕೆ ಪಡೆದವರಿಗೆ ದೊರೆಯುವುದಿಲ್ಲವೆಂದು ತೋರಿಸಿತು. ಲಸಿಕೆಯಿಂದ ಹುಟ್ಟುವುದು ಮುಖ್ಯವಾಗಿ ಪ್ರತಿಕಾಯಗಳೆಂದು ತಿಳಿದಿದ್ದರಿಂದ, ನಿಜವಾದ ರಕ್ಷಣೆ ಬೇರೆಲ್ಲೋ ಇದೆಯೆಂಬ ತೀರ್ಮಾನ ಬಲಗೊಂಡಿತು.

ಟಿ-ಕೋಶಗಳ ಕಾಲ

ಆ ಬೇರೆ ನೆಲೆಯ ಶೋಧದಲ್ಲಿ ಟೆಕ್ಸಾಸ್ ವಿಶ್ವವಿದ್ಯಾಲಯದ ಗ್ಯಾಲ್ವೆಸ್ಟನ್ ವೈದ್ಯಕೀಯ ಕೇಂದ್ರದ ಡೇವಿಡ್ ವಾಕರ್ ಮತ್ತು ಅವರ ಸಹೋದ್ಯೋಗಿಗಳ ಕೆಲಸಕ್ಕೆ ಪ್ರಮುಖ ಸ್ಥಾನವಿದೆ. ಮನುಷ್ಯರಲ್ಲಿ ಕಾಣುವಂತೆಯೇ ರಕ್ತನಾಳದ ಒಳಪದರಕ್ಕೆ ಸೋಂಕು ತಗಲುವ ಇಲಿಯ ಮಾದರಿಯನ್ನು ರಿಕೆಟ್ಸಿಯ ಕೊನೊರಿಯೈ ಎಂಬ ಸೋದರ ಪ್ರಭೇದದಿಂದ ರೂಪಿಸಿಕೊಂಡ ಈ ತಂಡ, ಇಂಟರ್‌ಫೆರಾನ್-ಗಾಮ ಮತ್ತು ಟಿಎನ್ಎಫ್ ಎಂಬ ಸಂದೇಶವಾಹಕ ಪ್ರೋಟೀನುಗಳನ್ನು ಕಸಿದುಕೊಂಡ ಇಲಿಗಳು ಅಲ್ಪ ಸೋಂಕಿಗೂ ಬಲಿಯಾಗುತ್ತವೆಂದು 1990ರ ದಶಕದಲ್ಲಿ ತೋರಿಸಿತು. ಈ ಪ್ರೋಟೀನುಗಳ ಪ್ರಚೋದನೆಯಿಂದ ಸೋಂಕಿತ ಕೋಶವೇ ನೈಟ್ರಿಕ್ ಆಕ್ಸೈಡಿನಂಥ ವಸ್ತುಗಳನ್ನು ತಯಾರಿಸಿ ತನ್ನೊಳಗಿನ ರೋಗಾಣುವನ್ನು ಕೊಲ್ಲುತ್ತದೆ. ಹಾಗೆ ಕೊಲ್ಲಲಾಗದ ಕೋಶಗಳನ್ನು ಸಿಡಿ8 ಎಂಬ ಗುರುತಿನ ಟಿ-ಲಿಂಫೋಸೈಟುಗಳು, ಅಂದರೆ ಸೋಂಕಿತ ಕೋಶವನ್ನು ಪತ್ತೆಹಚ್ಚಿ ನಾಶಮಾಡುವ ಬಿಳಿ ರಕ್ತಕಣಗಳು, ತೆಗೆದುಹಾಕುತ್ತವೆ. ಕೊಲ್ಲುವ ಕೆಲಸಕ್ಕೆ ಬೇಕಾದ ಪರ್‌ಫೊರಿನ್ ಎಂಬ ಪ್ರೋಟೀನಿಲ್ಲದ ಇಲಿಗಳು ಸೋಂಕನ್ನು ತಡೆದುಕೊಳ್ಳಲಾರದೆ ಹೋದದ್ದು ಈ ವಿವರಣೆಗೆ ಪುಷ್ಟಿ ನೀಡಿತು. ಅಂತೂ 20ನೆಯ ಶತಮಾನದ ಅಂತ್ಯಕ್ಕೆ, ಕೋಶದೊಳಗಿನ ಬ್ಯಾಕ್ಟೀರಿಯಗಳ ನಿಗ್ರಹ ಟಿ-ಕೋಶಗಳ ಕೆಲಸ, ಪ್ರತಿಕಾಯಗಳದು ಗೌಣ ಪಾತ್ರ ಎಂಬುದು ಬಹುಮಾನ್ಯ ಅಭಿಪ್ರಾಯವಾಯಿತು.

ಎರ್ಲಿಕಿಯ ಮತ್ತು ಪ್ರತಿಕಾಯದ ಮರಳುವಿಕೆ

ಈ ಅಭಿಪ್ರಾಯವನ್ನು ಪ್ರಶ್ನಿಸಿದ ಸಂಶೋಧನೆ ಎರ್ಲಿಕಿಯ ಕುಲದಿಂದ ಬಂತು. 1935ರಲ್ಲಿ ಅಲ್ಜೀರಿಯದಲ್ಲಿ ದೊನಾಷಿಯೆ ಮತ್ತು ಲೆಸ್ತೊಕಾರ್ ಎಂಬ ಪಶುವೈದ್ಯರು ನಾಯಿಗಳಲ್ಲಿ ಗುರುತಿಸಿದ ಈ ಗುಂಪಿನ ಬ್ಯಾಕ್ಟೀರಿಯಗಳು ಬಿಳಿ ರಕ್ತಕಣಗಳೊಳಗಿನ ಪೊರೆಯ ಚೀಲದಲ್ಲಿ ಹಿಪ್ಪುನೇರಳೆ ಹಣ್ಣಿನಂತೆ ಗೊಂಚಲುಗೊಂಡು ಬೆಳೆಯುತ್ತವೆ. ರೋಗಾಣುಗಳನ್ನು ನುಂಗಿ ಕೊಲ್ಲಬೇಕಾದ ಕಣವನ್ನೇ ಇವು ಮನೆ ಮಾಡಿಕೊಳ್ಳುತ್ತವೆ. ಮನುಷ್ಯರಲ್ಲಿ ಇಂಥ ಸೋಂಕು ಅಮೆರಿಕದಲ್ಲಿ 1980ರ ದಶಕದ ಉತ್ತರಾರ್ಧದಲ್ಲಿ ಬೆಳಕಿಗೆ ಬಂದು, ಅದರ ಕಾರಣಕರ್ತನಿಗೆ 1991ರಲ್ಲಿ ಎರ್ಲಿಕಿಯ ಶಾಫೀನ್ಸಿಸ್ ಎಂಬ ಹೆಸರು ದೊರೆಯಿತು. ಇವು ನಿರೋಧ ವ್ಯವಸ್ಥೆಯ ಕಣ್ಣು ತಪ್ಪಿಸುವ ಬಗೆಯ ಮೇಲೆ ಓಹಿಯೊ ರಾಜ್ಯ ವಿಶ್ವವಿದ್ಯಾಲಯದ ಯಾಸುಕೊ ರಿಕಿಹಿಸ ಅವರ ದೀರ್ಘಕಾಲದ ಅಧ್ಯಯನ ಬೆಳಕು ಚೆಲ್ಲಿತು: ದೇಹ ಸುಲಭವಾಗಿ ಗುರುತಿಸುವ ಲಿಪೊಪಾಲಿಸ್ಯಾಕರೈಡ್ ಎಂಬ ಹೊರಪೊರೆಯ ವಸ್ತುವನ್ನು ಕಟ್ಟುವ ವಂಶವಾಹಿಗಳು ಈ ಬ್ಯಾಕ್ಟೀರಿಯದಲ್ಲಿಲ್ಲವೆಂದೂ, ಅದು ಆಶ್ರಯದಾತ ಕೋಶದ ಕೊಲೆಸ್ಟರಾಲನ್ನು ತನ್ನ ಪೊರೆಗೆ ಸೇರಿಸಿಕೊಳ್ಳುತ್ತದೆಂದೂ 2003ರಲ್ಲಿ ವರದಿಯಾಯಿತು.

ನ್ಯೂಯಾರ್ಕ್ ರಾಜ್ಯದ ವ್ಯಾಡ್ಸ್‌ವರ್ತ್ ಕೇಂದ್ರದಲ್ಲಿದ್ದ ಗ್ಯಾರಿ ವಿನ್ಸ್‌ಲೊ ಅವರ ಸಂಶೋಧನೆ ರಿಕೆಟ್ಸ್ ಬಿಟ್ಟುಹೋದ ಪ್ರಶ್ನೆಯನ್ನೇ ಹೊಸ ಸಾಧನಗಳಿಂದ ಕೈಗೆತ್ತಿಕೊಂಡಿತು. ಟಿ-ಕೋಶಗಳಾಗಲಿ ಪ್ರತಿಕಾಯ ತಯಾರಿಸುವ ಬಿ-ಕೋಶಗಳಾಗಲಿ ಇಲ್ಲದ ಇಲಿಗಳಿಗೆ ಎರ್ಲಿಕಿಯ ಸೋಂಕು ತಗಲಿಸಿ, ನಿರೋಧ ಶಕ್ತಿ ಪಡೆದ ಇಲಿಗಳ ಸೀರಮ್ಮನ್ನು ನೀಡಿದಾಗ, ಸೋಂಕು ಬೇರೂರಿದ ಮೇಲೂ ಬ್ಯಾಕ್ಟೀರಿಯಗಳ ಸಂಖ್ಯೆ ಇಳಿಯಿತೆಂದು ಅವರ ತಂಡ 2000ದಲ್ಲಿ ಪ್ರಕಟಿಸಿತು. ಹೊರಪೊರೆಯ ಒಂದೇ ಪ್ರೋಟೀನಿಗೆ ಅಂಟುವ ಶುದ್ಧೀಕರಿಸಿದ ಪ್ರತಿಕಾಯವೂ ಅದೇ ಕೆಲಸ ಮಾಡಿತು. ಈ ಬ್ಯಾಕ್ಟೀರಿಯಗಳು ಸದಾ ಕೋಶದೊಳಗೇ ಉಳಿಯದೆ ಒಂದರಿಂದ ಇನ್ನೊಂದಕ್ಕೆ ಹೋಗುವಾಗ ಹೊರಗೆ ಬರುತ್ತವೆ, ಆ ಹೊತ್ತಿನಲ್ಲಿ ಪ್ರತಿಕಾಯಗಳ ಕೈಗೆ ಸಿಗುತ್ತವೆ ಎಂಬುದೇ ಇದಕ್ಕೆ ಅವರು ನೀಡಿದ ವಿವರಣೆ. ಮುಂದೆ ಇಲಿಗಳಿಗೆ ತಗಲುವ ಎರ್ಲಿಕಿಯ ಮ್ಯೂರಿಸ್ ಪ್ರಭೇದವನ್ನು ಬಳಸಿ, ಸೋಂಕಿನ ಆರಂಭದಲ್ಲೇ ಟಿ-ಕೋಶಗಳ ನೆರವಿಲ್ಲದೆ ಹುಟ್ಟುವ ಐಜಿಎಂ ವರ್ಗದ ಪ್ರತಿಕಾಯಗಳು ದೀರ್ಘಕಾಲ ಉತ್ಪತ್ತಿಯಾಗಿ ರಕ್ಷಣೆ ನೀಡುತ್ತವೆಂದು ತೋರಿಸಲಾಯಿತು. ಇತ್ತ ವಾಕರ್ ಅವರ ಗುಂಪೂ, ರಿಕೆಟ್ಸಿಯದ ಹೊರಪೊರೆಯ ಎ ಮತ್ತು ಬಿ ಎಂಬ ಪ್ರೋಟೀನುಗಳ ವಿರುದ್ಧದ ಪ್ರತಿಕಾಯಗಳು ಇಲಿಗಳನ್ನು ಕಾಯಬಲ್ಲವೆಂದು ಕಂಡುಕೊಂಡಿತು.

ಇದರಿಂದ ಟಿ-ಕೋಶಗಳ ಮಹತ್ವ ಕುಗ್ಗಲಿಲ್ಲ. ಆದರೆ ಅವು ಸದಾ ಉಪಕಾರಿಯೇ ಎಂಬ ನಂಬಿಕೆ ಸಡಿಲಗೊಂಡಿತು. ಎರ್ಲಿಕಿಯದ ಒಂದು ಉಗ್ರ ತಳಿ ತಗಲಿದ ಇಲಿಗಳಲ್ಲಿ ಸಿಡಿ8 ಕೋಶಗಳೇ ಅತಿಯಾಗಿ ಟಿಎನ್ಎಫ್ ಸುರಿಸಿ, ಯಕೃತ್ತನ್ನು ಹಾಳುಮಾಡಿ, ಆಘಾತದಂಥ ಸ್ಥಿತಿಯಲ್ಲಿ ಸಾವನ್ನು ತರುತ್ತವೆಂದು ನಹೆದ್ ಇಸ್ಮಾಯಿಲ್ ಮತ್ತು ವಾಕರ್ ತೋರಿಸಿದ್ದಾರೆ.

ಭಾರತದ ಸಂದರ್ಭ

ಭಾರತದಲ್ಲಿ ಉಣುಗಿನಿಂದ ಹರಡುವ ಟೈಫಸ್ ಮಾದರಿಯ ಜ್ವರವನ್ನು 1921ರಲ್ಲಿ ಜಾನ್ ಮೆಗಾ ದಾಖಲಿಸಿದರು. ರಿಕೆಟ್ಸಿಯ ಕೊನೊರಿಯೈ ಪ್ರಭೇದದ ಭಾರತೀಯ ತಳಿಯಿಂದ ಬರುವ ಈ ಕಾಯಿಲೆ, ಅಂಗೈ ಅಂಗಾಲುಗಳಿಗೂ ಹಬ್ಬುವ ಕಲೆಗಳೊಂದಿಗೆ, ಕರ್ನಾಟಕದ ಮಕ್ಕಳಲ್ಲೂ ವರದಿಯಾಗಿದೆ. ಮಲೆನಾಡಿನಲ್ಲಿ 1957ರಲ್ಲಿ ಪತ್ತೆಯಾದ ಮಂಗನ ಕಾಯಿಲೆಯೂ ಉಣುಗಿನಿಂದಲೇ ಹರಡುವುದಾದರೂ ಅದು ವೈರಸ್ಸಿನ ರೋಗ. ಪ್ರತಿಜೈವಿಕಗಳಿಗೆ ಅದು ಬಗ್ಗುವುದಿಲ್ಲ, ಆದರೆ ರಿಕೆಟ್ಸಿಯ ಜ್ವರ ಸಕಾಲದಲ್ಲಿ ಕೊಟ್ಟ ಡಾಕ್ಸಿಸೈಕ್ಲಿನ್‌ಗೆ ಬೇಗನೆ ಮಣಿಯುತ್ತದೆ. ನಮ್ಮ ಆಸ್ಪತ್ರೆಗಳಲ್ಲಿ ಇನ್ನೂ ಬಳಕೆಯಲ್ಲಿರುವ, 1916ರಷ್ಟು ಹಳೆಯ ವೈಲ್-ಫೀಲಿಕ್ಸ್ ಪರೀಕ್ಷೆ ಪತ್ತೆಹಚ್ಚುವುದು ಪ್ರತಿಕಾಯಗಳನ್ನೇ. ಅವು ರಕ್ತದಲ್ಲಿ ಸಾಕಷ್ಟು ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ ಎರಡನೆಯ ವಾರದಲ್ಲಾದ್ದರಿಂದ, ಪರೀಕ್ಷೆಯ ಫಲಿತಾಂಶಕ್ಕೆ ಕಾಯದೆ ಲಕ್ಷಣಗಳನ್ನು ನೋಡಿಯೇ ಚಿಕಿತ್ಸೆ ಆರಂಭಿಸುವುದು ಅನಿವಾರ್ಯ.

ಮೊದಲ ಸೋಂಕಿನಲ್ಲಿ ಪ್ರತಿಕಾಯ ತಡವಾಗಿ ಹುಟ್ಟುತ್ತದೆ. ಮೊದಲೇ ಇದ್ದರೆ ರೋಗಾಣು ಕೋಶವನ್ನು ಹೊಗುವ ಮುನ್ನವೇ ಅದನ್ನು ಹಿಡಿಯುತ್ತದೆ. ರಿಕೆಟ್ಸ್‌ರ ಸೀರಮ್ ಮುಂಚಿತವಾಗಿ ಕೊಟ್ಟಾಗ ಗೆದ್ದು ತಡವಾದಾಗ ಸೋತದ್ದನ್ನು ಇಂದಿನ ತಿಳಿವಳಿಕೆ ಬಹುಮಟ್ಟಿಗೆ ಹೀಗೆ ವಿವರಿಸುತ್ತದೆ. ಮನುಷ್ಯರ ಬಳಕೆಗೆ ಸ್ಪಾಟೆಡ್ ಫೀವರಿಗಾಗಲಿ ಎರ್ಲಿಕಿಯ ಸೋಂಕಿಗಾಗಲಿ ಪರವಾನಗಿ ಪಡೆದ ಲಸಿಕೆ ಇಂದಿಗೂ ಇಲ್ಲ. ಸರಿಯಾದ ಪ್ರೋಟೀನಿನ ವಿರುದ್ಧ ಬಾಳಿಕೆಯ ಪ್ರತಿಕಾಯಗಳನ್ನೂ, ಮಿತಿ ಮೀರದ ಟಿ-ಕೋಶಗಳ ಪ್ರತಿಕ್ರಿಯೆಯನ್ನೂ ಒಟ್ಟಿಗೆ ಎಬ್ಬಿಸಬಲ್ಲ ಲಸಿಕೆಯ ರಚನೆಯೇ ಈ ಕ್ಷೇತ್ರದ ಮುಂದಿರುವ ಕೆಲಸ.